ಅಲ್ಪ ಖರ್ಚಿನಲ್ಲಿ ಬೆಟ್ಟದ ಯಾತ್ರೆ: ಹೊಸದಾಗಿ ಹೊರಡುವ ಭಕ್ತಾದಿಗಳಿಗೆ

ಹಿಂದಿನವರಿಗೆ ತೀರ್ಥಯಾತ್ರೆ ಎಂದರೆ ಕಾಲ್ನಡಿಗೆ, ಹೆಗಲ ಮೇಲೆ ಬುತ್ತಿ, ಹೊತ್ತು ಮುಳುಗಿದ ಕಡೆ ಒಂದು ಛತ್ರ. ಈಗ ಯಾತ್ರೆ ಅಂದ ತಕ್ಷಣ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ‘ಎಷ್ಟಾಗುತ್ತೆ?’ ಎಂಬುದು. ಶಿವಗಂಗೆ ಬೆಟ್ಟಕ್ಕೆ ಬೆಂಗಳೂರಿನ ಪಶ್ಚಿಮ ಭಾಗದಿಂದ, ಅಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯಿಂದ ಬಹಳ ಮಂದಿ ಬರುತ್ತಾರೆ. ತುಮಕೂರು ರಸ್ತೆ ಹಿಡಿದರೆ ಐವತ್ತು ಅರವತ್ತು ಕಿಲೋಮೀಟರಿನ ಹಾದಿ. ಇಷ್ಟು ಹತ್ತಿರ ಇದ್ದರೂ ‘ಕೈಯಲ್ಲಿ ನಾಲ್ಕು ಕಾಸಾಗಲಿ, ಮುಂದಿನ ವರ್ಷ ನೋಡೋಣ’ ಎಂದು ಮುಂದಕ್ಕೆ ಹಾಕುತ್ತಲೇ ಇರುವ ಸಂಸಾರಗಳು ಉಂಟು. ಇನ್ನು ಕೆಲವರು ಕೈಸಾಲ ಮಾಡಿ, ಟೆಂಪೋ ಮಾಡಿಕೊಂಡು ಬಂದು ಹರಕೆ ತೀರಿಸಿ, ಮನೆಗೆ ಹೋದ ಮೇಲೆ ತಿಂಗಳುಗಟ್ಟಲೆ ಬಡ್ಡಿ ಕಟ್ಟುತ್ತಾರೆ. ಈ ಎರಡೂ ಬೇಕಾಗಿಲ್ಲ. ದೇವರಿಗೆ ಕೊಡುವುದನ್ನು ಕಡಿಮೆ ಮಾಡದೆ, ಹೊಟ್ಟೆಯನ್ನೂ ಕಟ್ಟದೆ, ಸಾಲವಿಲ್ಲದೆ ಯಾತ್ರೆ ಮಾಡಿ ಬರಲು ಬೇಕಾದಷ್ಟು ಅನುಕೂಲ ಈಗ ಇದೆ. ಅದನ್ನು ತಿಳಿದುಕೊಂಡು ಹೊರಡಬೇಕು ಅಷ್ಟೆ.

ದುಡ್ಡು ಸೋರುವುದು ಎಲ್ಲಿ

ಹೊಸಬರು ಸಾಮಾನ್ಯವಾಗಿ ಬಸ್ ಟಿಕೆಟ್ಟಿನ ಲೆಕ್ಕ ಮಾತ್ರ ಹಾಕುತ್ತಾರೆ. ಆದರೆ ದುಡ್ಡು ಹೋಗುವುದು ಬಸ್ಸಿನಲ್ಲಲ್ಲ, ಬಸ್ಸು ಹತ್ತುವ ಮುಂಚೆ ಮತ್ತು ಇಳಿದ ಮೇಲೆ. ಒಂದು ಉದಾಹರಣೆ ನೋಡಬಹುದು. ವಿಜಯನಗರದ ಐದು ಜನರ ಸಂಸಾರ: ಗಂಡ, ಹೆಂಡತಿ, ಅತ್ತೆ, ಹತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು. ಬೆಳಗ್ಗೆ ಆಟೋದಲ್ಲಿ ಯಶವಂತಪುರಕ್ಕೆ ಹೊರಟರು ಎನ್ನಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. ಆರು ಕಿ.ಮೀ. ಎಂದು ಹಿಡಿದರೆ 108 ರೂಪಾಯಿ. ಐದು ಜನ ಎಂದರೆ ಎರಡು ಆಟೋ, 216 ರೂಪಾಯಿ. ವಾಪಸ್ಸು ಬರುವಾಗ ರಾತ್ರಿ ಹತ್ತು ದಾಟಿದರೆ ಒಂದೂವರೆ ಪಟ್ಟು, ಅಂದರೆ 324. ಎರಡೂ ಸೇರಿ 540 ರೂಪಾಯಿ. ಇದು ಮೀಟರ್ ಹಾಕಿದವರ ಲೆಕ್ಕ. ಮೀಟರಿನ ಮೇಲೆ ಕೇಳಿದರೆ ಇನ್ನೂ ಹೆಚ್ಚು. ಮುಖ್ಯ ಯಾತ್ರೆ ಶುರುವಾಗುವ ಮೊದಲೇ, ಊರೊಳಗೇ ಇಷ್ಟು ಹೋಯಿತು.

ಅದೇ ಸಂಸಾರಕ್ಕೆ ಸಾರಿಗೆ ಬಸ್ಸಿನಲ್ಲಿ ಎಷ್ಟು? 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಡತಿಗೂ ಅತ್ತೆಗೂ ಟಿಕೆಟ್ ದರವಿಲ್ಲ. ಆರು ವರ್ಷದೊಳಗಿನ ಮಗುವಿಗೆ ಹೇಗೂ ಟಿಕೆಟ್ಟಿಲ್ಲ. ಹನ್ನೆರಡು ವರ್ಷದವರೆಗಿನ ಹುಡುಗನಿಗೆ ಅರ್ಧ. ಯಜಮಾನನಿಗೆ ಪೂರ್ತಿ. ಒಟ್ಟು ಐದು ಜನಕ್ಕೆ ಒಂದೂವರೆ ಟಿಕೆಟ್ಟು. 2025ರ ಜನವರಿಯಲ್ಲಿ ಸಾರಿಗೆ ಸಂಸ್ಥೆಗಳು ದರವನ್ನು ಶೇಕಡ 15 ಏರಿಸಿದ ಮೇಲೂ, ಯಶವಂತಪುರದಿಂದ ದಾಬಸ್‌ಪೇಟೆಗೆ ಈ ಒಂದೂವರೆ ಟಿಕೆಟ್ಟು ಆಟೋಗೆ ಕೊಟ್ಟ ದುಡ್ಡಿನ ಕಾಲು ಭಾಗ ಕೂಡ ಆಗುವುದಿಲ್ಲ. ಆದ್ದರಿಂದ ಖರ್ಚು ಹಿಡಿಯಬೇಕಾದ ಜಾಗ ಮನೆ ಬಾಗಿಲಿನಿಂದ ಬಸ್ ಸ್ಟ್ಯಾಂಡಿನವರೆಗೆ.

ಇದಕ್ಕೆ ಮೆಟ್ರೋ ಒಳ್ಳೆಯ ಅನುಕೂಲ. ವಿಜಯನಗರ, ಅತ್ತಿಗುಪ್ಪೆ, ದೀಪಾಂಜಲಿನಗರ, ಕೆಂಗೇರಿಯವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ರಾಜಾಜಿನಗರದವರಿಗೆ ಹಸಿರು ಮಾರ್ಗ ಮನೆ ಹತ್ತಿರವೇ. ಬಸವೇಶ್ವರನಗರದಲ್ಲಿ ಮೆಟ್ರೋ ಇಲ್ಲದ್ದರಿಂದ ಬಿಎಂಟಿಸಿ ಬಸ್ಸಿನಲ್ಲಿ ರಾಜಾಜಿನಗರದ ಕಡೆಗೆ ಬಂದು ಹತ್ತುವುದು ಸಲೀಸು. ಗೊರಗುಂಟೆಪಾಳ್ಯ ನಿಲ್ದಾಣದಲ್ಲಿ ಇಳಿದು ಕೆಳಗೆ ಬಂದರೆ ತುಮಕೂರು ಕಡೆಯ ಬಸ್ಸುಗಳು ಸಿಗುತ್ತವೆ. ಸ್ಮಾರ್ಟ್ ಕಾರ್ಡ್ ಇದ್ದರೆ ಮೆಟ್ರೋ ದರದಲ್ಲಿ ಶೇಕಡ 5 ಕಡಿಮೆ. ಆದರೆ ಒಂದು ಮಾತು ನೆನಪಿರಲಿ. ಭಾನುವಾರ ಮೆಟ್ರೋ ಶುರುವಾಗುವುದು ಬೆಳಗ್ಗೆ 7 ಗಂಟೆಗೆ. ಬಹಳ ಜನ ಇದನ್ನು ತಿಳಿಯದೆ ಐದೂವರೆಗೆ ನಿಲ್ದಾಣದ ಬಾಗಿಲಿಗೆ ಬಂದು ನಿಂತು, ಕೊನೆಗೆ ಆಟೋವನ್ನೇ ಹಿಡಿಯುತ್ತಾರೆ. ಭಾನುವಾರವೇ ಬರಬೇಕಾದವರು ಆ ಹೊತ್ತಿನ ಬಿಎಂಟಿಸಿ ಬಸ್ಸನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಪೀಣ್ಯ ಕಡೆ ಕಾರ್ಖಾನೆಗಳಲ್ಲಿ ವಾರದ ನಡುವೆ ರಜೆ ಸಿಗುವವರು ಈ ಮಟ್ಟಿಗೆ ಪುಣ್ಯವಂತರು. ಬಸ್ಸಿನಲ್ಲೂ ಜಾಗ, ಬೆಟ್ಟದಲ್ಲೂ ಜಾಗ.

ಬಸ್ಸು, ರೈಲು

ಶಕ್ತಿ ಟಿಕೆಟ್ಟಿನ ವಿಷಯದಲ್ಲಿ ಹೊಸಬರಿಗೆ ಕೆಲವು ಗೊಂದಲಗಳಿವೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕೇ ಬೇಕು. ಆಂಧ್ರ, ತಮಿಳುನಾಡಿನಿಂದ ಬಂದ ನೆಂಟರಿಗೆ ಅನ್ವಯವಾಗುವುದಿಲ್ಲ. ದುಡ್ಡಿಲ್ಲದಿದ್ದರೂ ಸೊನ್ನೆ ಟಿಕೆಟ್ ಪಡೆಯಲೇಬೇಕು, ಅದು ಇಳಿಯುವ ತನಕ ಕೈಯಲ್ಲಿರಬೇಕು. ರಾಜಹಂಸ, ಐರಾವತ, ಸ್ಲೀಪರ್, ಎ.ಸಿ. ಬಸ್ಸುಗಳಲ್ಲಿ ನಡೆಯುವುದಿಲ್ಲ, ರಾಜ್ಯದ ಗಡಿ ದಾಟುವ ಬಸ್ಸಿನಲ್ಲೂ ಇಲ್ಲ. ಅರವತ್ತು ದಾಟಿದ ಗಂಡಸರಿಗೆ ಕೆಎಸ್ಆರ್‌ಟಿಸಿಯಲ್ಲಿ ಶೇಕಡ 25 ರಿಯಾಯಿತಿ ಇದೆ, ವಯಸ್ಸಿನ ದಾಖಲೆ ತೋರಿಸಿ ಕೇಳಬೇಕು. ಕೇಳದೆ ಇದ್ದರೆ ಪೂರ್ತಿ ಟಿಕೆಟ್ಟೇ ಹರಿಯುತ್ತದೆ. ಮಾವನವರು, ಅಜ್ಜಂದಿರು ಸಂಕೋಚ ಮಾಡಿಕೊಳ್ಳುವುದು ಇಲ್ಲೇ.

ಬೆಂಗಳೂರಿನಿಂದ ತುಮಕೂರಿಗೆ ನಿಲ್ಲದೆ ಹೋಗುವ ಬಸ್ಸುಗಳು ದಾಬಸ್‌ಪೇಟೆ ಮೇಲ್ಸೇತುವೆಯ ಮೇಲೇ ಹೋಗಿಬಿಡುತ್ತವೆ. ಹತ್ತುವ ಮುಂಚೆ ‘ದಾಬಸ್‌ಪೇಟೆಯಲ್ಲಿ ಇಳಿಸುತ್ತೀರಾ?’ ಎಂದು ಕಂಡಕ್ಟರನ್ನು ಕೇಳಬೇಕು. ಅಲ್ಲಿಂದ ಶಿವಗಂಗೆಗೆ ಏಳೆಂಟು ಕಿ.ಮೀ., ಬಸ್ಸೂ ಇದೆ, ಸೀಟಿನ ಲೆಕ್ಕದ ಆಟೋವೂ ಇದೆ. ‘ಫುಲ್ ಆಟೋ’ ಎಂದು ಮಾತಾಡಿದರೆ ಒಂದು ದರ, ‘ಸೀಟಿಗೆ ಎಷ್ಟು’ ಎಂದರೆ ಇನ್ನೊಂದು ದರ. ಕೂರುವ ಮೊದಲೇ ಕೇಳುವುದು ಕ್ಷೇಮ.

ರೈಲು ಇನ್ನೂ ಅಗ್ಗ. ತುಮಕೂರು ಮಾರ್ಗದ ಪ್ಯಾಸೆಂಜರ್ ರೈಲುಗಳು ಯಶವಂತಪುರದಿಂದ ದೊಡ್ಡಬೆಲೆ, ನಿಡವಂದ, ದಾಬಸ್‌ಪೇಟೆ, ಕ್ಯಾತಸಂದ್ರದ ಮೇಲೆ ಹೋಗುತ್ತವೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ, ಹನ್ನೆರಡರವರೆಗೆ ಅರ್ಧ. ಆದರೆ ರೈಲಿನಲ್ಲಿ ಶಕ್ತಿ ಇಲ್ಲ. ಹಿರಿಯ ನಾಗರಿಕರ ರಿಯಾಯಿತಿಯನ್ನು ರೈಲ್ವೆಯವರು 2020ರ ಮಾರ್ಚಿನಲ್ಲಿ ನಿಲ್ಲಿಸಿದರು. ಹೀಗಾಗಿ ಹೆಂಗಸರು ಹೆಚ್ಚಿರುವ ಗುಂಪಿಗೆ ಬಸ್ಸು, ಗಂಡಸರು ಹೆಚ್ಚಿರುವ ಗುಂಪಿಗೆ ರೈಲು ಎಂದು ಲೆಕ್ಕ ಹಾಕಬಹುದು. ಪ್ಯಾಸೆಂಜರ್ ಟಿಕೆಟ್ ತೆಗೆದು ಎಕ್ಸ್‌ಪ್ರೆಸ್ ಹತ್ತಿದರೆ ಮಾತ್ರ ಉಳಿಸಿದ್ದಕ್ಕಿಂತ ಹತ್ತು ಪಟ್ಟು ದಂಡ ಕಟ್ಟಬೇಕಾದೀತು.

ಟೆಂಪೋ ಟ್ರಾವೆಲರ್ ಬಗ್ಗೆ ಕೇಳುವವರಿದ್ದಾರೆ. ಹನ್ನೆರಡು ಸೀಟಿಗೆ ಹನ್ನೆರಡು ಜನ ತುಂಬಿದರೆ ತಪ್ಪಲ್ಲ. ಐದಾರು ಜನಕ್ಕೆ ಮಾಡಿಕೊಂಡರೆ ಖಾಲಿ ಸೀಟಿಗೂ ಬಾಡಿಗೆ, ಜೊತೆಗೆ ಟೋಲು, ಪಾರ್ಕಿಂಗು, ಡ್ರೈವರ್ ಬಾಟಾ. ಮಂಡಿನೋವಿನ ಹಿರಿಯರು ಇದ್ದರೆ ಪೂರ್ತಿ ದಾರಿಗೆ ಬಾಡಿಗೆ ಗಾಡಿ ಬೇಕಿಲ್ಲ, ದಾಬಸ್‌ಪೇಟೆಯಿಂದ ಬೆಟ್ಟದ ಬುಡದವರೆಗೆ ಮಾತ್ರ ಆಟೋ ಮಾಡಿಕೊಂಡರೆ ಸಾಕು.

ಬೆಟ್ಟ ಹತ್ತುವಾಗ

ಶಿವಗಂಗೆಯನ್ನು ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಸರ್ಪದಂತೆ ಕಾಣುತ್ತದೆ ಎಂಬುದು ಪ್ರತೀತಿ. ಗಂಗಾಧರೇಶ್ವರ, ಹೊನ್ನಾದೇವಿ, ಪಾತಾಳಗಂಗೆ, ಒಳಕಲ್ಲು ತೀರ್ಥ, ಮೇಲೆ ನಂದಿ. ಎಲ್ಲವನ್ನೂ ನೋಡಲು ಬೇಕಾದದ್ದು ದುಡ್ಡಲ್ಲ, ಬೆಳಗಿನ ತಂಪು. ಎಂಟು ಗಂಟೆಯೊಳಗೆ ಮೆಟ್ಟಿಲು ಹತ್ತಲು ಶುರು ಮಾಡಿದವರು ಆಯಾಸವಿಲ್ಲದೆ ಇಳಿದು ಬರುತ್ತಾರೆ. ಹನ್ನೊಂದಕ್ಕೆ ಶುರು ಮಾಡಿದವರು ಬಂಡೆಯ ಕಾವಿನಲ್ಲಿ ಹತ್ತು ಮೆಟ್ಟಿಲಿಗೊಮ್ಮೆ ಜ್ಯೂಸು, ಮಜ್ಜಿಗೆ, ಸೌತೆಕಾಯಿ ಎಂದು ನಿಲ್ಲುತ್ತಾರೆ. ಒಂದು ಲೀಟರ್ ನೀರಿನ ಬಾಟಲಿಗೆ 20 ರೂಪಾಯಿ ಎಂದರೂ ಐದು ಜನಕ್ಕೆ ಎರಡೆರಡು ಬಾಟಲಿಗೆ 200 ರೂಪಾಯಿ ಆಯಿತು. ಮನೆಯಿಂದಲೇ ಸ್ಟೀಲ್ ಬಾಟಲಿಗಳಲ್ಲಿ ನೀರು ತರಬೇಕು. ಕೋತಿಗಳ ಕಣ್ಣು ಪ್ಲಾಸ್ಟಿಕ್ ಕವರಿನ ಮೇಲೇ. ಬುತ್ತಿಯನ್ನು ಬಾಯಿ ಮುಚ್ಚುವ ಬಟ್ಟೆ ಚೀಲದಲ್ಲಿ ಇಟ್ಟು ಬೆನ್ನಿಗೆ ಹಾಕಿಕೊಳ್ಳುವುದು ಉತ್ತಮ.

ಹಣ್ಣುಕಾಯಿ ತಟ್ಟೆಯ ಬೆಲೆಯನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಕೇಳಬೇಕು. ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ, ಕರ್ಪೂರ ಮನೆಯಿಂದ ತಂದರೂ ಪೂಜೆ ಪೂಜೆಯೇ. ತುಪ್ಪದ ಅಭಿಷೇಕಕ್ಕೆ ಇಲ್ಲಿ ವಿಶೇಷ ನಂಬಿಕೆ, ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು. ಯಾವ ಸೇವೆಯೇ ಆಗಲಿ ಕೌಂಟರಿನಲ್ಲಿ ದುಡ್ಡು ಕಟ್ಟಿ ರಸೀದಿ ಪಡೆಯತಕ್ಕದ್ದು. ‘ಬೇಗ ದರ್ಶನ ಮಾಡಿಸುತ್ತೇನೆ’ ಎಂದು ದಾರಿಯಲ್ಲಿ ಬಂದು ಕೇಳುವವರಿಗೆ ಕೊಟ್ಟದ್ದು ದೇವರಿಗೂ ಸೇರುವುದಿಲ್ಲ, ದರ್ಶನವೂ ಬೇಗ ಆಗುವುದಿಲ್ಲ. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ನಂಬಿಕೊಂಡು ಹತ್ತಬಾರದು. ಹತ್ತು ಇಪ್ಪತ್ತರ ಚಿಲ್ಲರೆ ನೋಟು ಇಟ್ಟುಕೊಂಡರೆ ನೂರರ ನೋಟು ಒಡೆಸಲು ಬೇಡದ ಸಾಮಾನು ಕೊಳ್ಳುವುದು ತಪ್ಪುತ್ತದೆ.

ಬುತ್ತಿ ಮತ್ತು ದಾಸೋಹ

ಬುತ್ತಿಗೆ ಪುಳಿಯೋಗರೆ, ಚಪಾತಿ ಚಟ್ನಿಪುಡಿ, ಹುರಿಗಾಳು, ಒಗ್ಗರಣೆ ಅವಲಕ್ಕಿ ಒಳ್ಳೆಯದು. ತೆಂಗಿನಕಾಯಿ ತುರಿ ಹಾಕಿದ ಚಿತ್ರಾನ್ನ ಬಿಸಿಲಿಗೆ ಹಳಸುತ್ತದೆ. ಮೊಸರನ್ನ ತರುವವರು ಹಾಲಿಗೆ ಸ್ವಲ್ಪ ಮಾತ್ರ ಹೆಪ್ಪು ಹಾಕಿ ಕಲೆಸಿದರೆ ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತದೆ. ಇಷ್ಟನ್ನು ಮನೆಯ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಅವರು ಒಬ್ಬರೇ ನಾಲ್ಕು ಗಂಟೆಗೆ ಏಳುವ ಬದಲು ಮನೆಯವರೆಲ್ಲ ಎದ್ದು ಕೈಜೋಡಿಸಿದರೆ ಅವರ ಯಾತ್ರೆಯೂ ಯಾತ್ರೆಯಾಗುತ್ತದೆ.

ದಾಸೋಹದ ಮಾತು ಬೇರೆ. ತುಮಕೂರಿನ ಹತ್ತಿರ ಸಿದ್ಧಗಂಗೆ ಇದೆ, ಕ್ಯಾತಸಂದ್ರದಲ್ಲಿ ಇಳಿದರೆ ನಡೆದೇ ಹೋಗುವವರಿದ್ದಾರೆ. ಅಲ್ಲಿ ಬಂದವರ ಜಾತಿ ಮತ ಕೇಳದೆ ಊಟ ಬಡಿಸುತ್ತಾರೆ. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಬಡಮಕ್ಕಳು ಆ ಅನ್ನ ಉಂಡು ಅಕ್ಷರ ಕಲಿತರು. ಧರ್ಮಸ್ಥಳದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ, ಆದಿಚುಂಚನಗಿರಿಯಲ್ಲಿ ಕೂಡ ಬಂದವರಿಗೆ ಊಟ ಉಂಟು.

ಆದರೂ ಪಟ್ಟಣದಿಂದ ಬಂದ ಕೆಲವರು ಪಂಕ್ತಿಗೆ ಕೂರುವುದಿಲ್ಲ. ‘ನಾವೇನು ಗತಿಯಿಲ್ಲದವರಾ?’ ಎಂದು ಹೋಟೆಲು ಹುಡುಕುತ್ತಾರೆ, ಆ ಹೋಟೆಲಿನ ಬಿಲ್ಲಿಗಾಗಿ ಮುಂದಿನ ಯಾತ್ರೆಯನ್ನು ಕೈಬಿಡುತ್ತಾರೆ. ಇನ್ನು ನಿಜವಾಗಿ ಕೈ ಬಿಗಿ ಇರುವವರು ಎಲ್ಲಿ ಹುಂಡಿಗೆ ಹಾಕಬೇಕಾಗುತ್ತದೋ ಎಂದು ಹೆದರಿ ಹೊರಗೇ ನಿಂತು ಬಾಳೆಹಣ್ಣು ತಿನ್ನುತ್ತಾರೆ. ಎರಡೂ ತಪ್ಪು ತಿಳಿವಳಿಕೆ. ದಾಸೋಹ ಭಿಕ್ಷೆಯಲ್ಲ. ಹುಂಡಿಗೆ ಹಾಕಿದವರು, ಹಾಕದವರು ಎಂದು ಅಲ್ಲಿ ಎರಡು ಸಾಲು ಮಾಡುವುದಿಲ್ಲ. ಹಸಿದು ಬಂದವರು ಉಣ್ಣಲಿ ಎಂದೇ ಅಕ್ಕಿ ಬೇಳೆ ಕಾಣಿಕೆ ಕೊಟ್ಟವರು ಕೊಟ್ಟಿರುತ್ತಾರೆ. ಬೇಕಾದಷ್ಟೇ ಬಡಿಸಿಕೊಂಡು, ಎಲೆಯಲ್ಲಿ ಬಿಡದೆ ಎದ್ದರೆ ಸಾಕು. ಕೊಡಲೇಬೇಕೆಂಬ ಮನಸ್ಸಿದ್ದು ದುಡ್ಡಿಲ್ಲದವರು ತರಕಾರಿ ಹೆಚ್ಚಲು, ಬಡಿಸಲು, ಗುಡಿಸಲು ಕೈ ಬೇಕೇ ಎಂದು ಅಲ್ಲಿನವರನ್ನು ವಿಚಾರಿಸಬಹುದು. ಜಾತ್ರೆ ದಿನಗಳಲ್ಲಿ ಬೇಡ ಎನ್ನುವವರು ಕಡಿಮೆ.

ಹರಕೆಗೆ ಸಾಲ ಬೇಡ

ಈ ಪುಸ್ತಿಕೆಯನ್ನು ಕೈಯಲ್ಲಿ ಹಿಡಿದ ಭಕ್ತಾದಿಗಳು ಬೇರೇನು ಓದದಿದ್ದರೂ ಇಷ್ಟು ಭಾಗ ಓದಬೇಕು. ಮಗುವಿಗೆ ಜ್ವರ ಬಂದಾಗ, ಕೆಲಸ ಹೋದಾಗ, ಮದುವೆ ಕೂಡದಾಗ ಹರಕೆ ಹೊರುತ್ತಾರೆ. ಕೆಲಸ ಆದ ಮೇಲೆ ಹರಕೆ ತಡವಾಯಿತು, ಸ್ವಾಮಿ ಮುನಿಸಿಕೊಳ್ಳುತ್ತಾನೆ ಎಂಬ ಭಯ ಶುರುವಾಗುತ್ತದೆ. ಆ ಭಯದಲ್ಲಿ ಕಿವಿಯ ಓಲೆ ಅಡವಿಟ್ಟು, ಚೀಟಿ ಎತ್ತಿ, ನೆಂಟರಿಷ್ಟರಿಗೆಲ್ಲ ಹೇಳಿ, ಗಾಡಿ ಮಾಡಿ ಬರುತ್ತಾರೆ. ಹೊತ್ತ ಹರಕೆ ಮುಡಿ ಕೊಡುವುದು ಒಂದೇ ಆಗಿರುತ್ತದೆ. ಖರ್ಚು ಆಗುವುದು ಹರಕೆಗಲ್ಲ, ಜೊತೆಗೆ ಬಂದ ಇಪ್ಪತ್ತು ಜನರ ಊಟಕ್ಕೆ, ಹೊಸ ಬಟ್ಟೆಗೆ, ಫೋಟೋದವನಿಗೆ.

ನಮ್ಮ ಹಿರಿಯರು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ, ಅದೇ ಮುಡಿಪು. ಕೂಡಲೇ ಹೋಗಲು ಆಗದವರು ಅರಿಶಿನ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದೆ ಇಡುತ್ತಾರೆ. ‘ಮರೆತಿಲ್ಲ ಸ್ವಾಮಿ, ಬರುತ್ತೇನೆ’ ಎಂದು ಅದರ ಅರ್ಥ. ಅನುಕೂಲವಾದಾಗ ಬಂದು ಒಪ್ಪಿಸಿದರೆ ಆಯಿತು. ಇದರಲ್ಲಿ ಬಡ್ಡಿ ಇಲ್ಲ, ಗಡುವಿಲ್ಲ. ಅದೇ ಮುಡಿಪಿನ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟು ದಿನಕ್ಕೆ ಐದು ರೂಪಾಯಿ ಹಾಕಿದರೆ ವರ್ಷಕ್ಕೆ 1,825 ರೂಪಾಯಿ. ಮೇಲೆ ಹೇಳಿದ ಐದು ಜನರ ಸಂಸಾರ ಬಸ್ಸು, ಮೆಟ್ರೋದಲ್ಲಿ ಬುತ್ತಿ ಕಟ್ಟಿಕೊಂಡು ಬಂದರೆ ಶಿವಗಂಗೆಗೆ ಇದು ಬೇಕಾದಷ್ಟಾಯಿತು, ಪೂಜೆಗೂ ಉಳಿಯುತ್ತದೆ.

ಹೊರಡುವ ದಿನ ಡಬ್ಬಿ ಒಡೆದು ಮೂರು ಗಂಟು ಮಾಡಬೇಕು. ಹೋಗುವ ಖರ್ಚು ಒಂದು, ದೇವರ ಕಾಣಿಕೆ ಒಂದು, ವಾಪಸ್ಸು ಬರುವ ಖರ್ಚು ಒಂದು. ಮೂರನೆಯದನ್ನು ಮನೆಯ ಹಿರಿಯ ಹೆಂಗಸಿನ ಕೈಯಲ್ಲಿ ಕೊಡುವುದು ಒಳ್ಳೆಯದು. ಭಕ್ತಿ ಉಕ್ಕಿ ಜೇಬಿನಲ್ಲಿದ್ದದ್ದನ್ನೆಲ್ಲ ಹುಂಡಿಗೆ ಹಾಕಿ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಮುಂದೆ ಟಿಕೆಟ್ಟಿಗೆ ಕೈಚಾಚುವ ಪರಿಸ್ಥಿತಿ ಆಗ ಬರುವುದಿಲ್ಲ. ಹುಂಡಿಗೆ ಬಿದ್ದದ್ದನ್ನು ಯಾರೂ ವಾಪಸ್ಸು ತೆಗೆದು ಕೊಡಲು ಬರುವುದಿಲ್ಲ ಎಂಬುದು ಗೊತ್ತಿರಲಿ.

ರಾತ್ರಿ ತಂಗುವ ಯಾತ್ರೆ

ಒಂದು ದಿನದ ಯಾತ್ರೆ ರೂಢಿಯಾದ ಮೇಲೆ ಮಾತ್ರ ರಾತ್ರಿ ತಂಗುವ ಊರಿಗೆ ಹೊರಡಬೇಕು. ಒಂದೇ ದಿನ ಮೂರು ಕ್ಷೇತ್ರ ಎನ್ನುವುದು ಟೂರಿಸ್ಟ್ ವ್ಯಾನಿನವರ ಲೆಕ್ಕ. ಶಿವಗಂಗೆ, ಸಿದ್ಧಗಂಗೆ ಬೇಕಾದರೆ ಒಂದೇ ದಿನ ಆದೀತು. ಅದಕ್ಕೆ ದೇವರಾಯನದುರ್ಗವನ್ನೂ ಸೇರಿಸಿದರೆ ಆಗದು. ಅಲ್ಲಿ ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ಆದರೆ ಬಸ್ಸು ಕಡಿಮೆ.

ಹಿಂದೆ ತಂಗುವುದಕ್ಕೆ ಛತ್ರಗಳಿದ್ದವು. ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪ ರಸ್ತೆಯಲ್ಲಿ ಓಡಾಡುವವರೆಷ್ಟೋ ಮಂದಿಗೆ ಆ ಹೆಸರು ಯಾರದ್ದೆಂದು ಗೊತ್ತಿಲ್ಲ. ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದ ಗುಬ್ಬಿ ತೋಟದಪ್ಪನವರು, ಪರ ಊರಿನಿಂದ ರೈಲಿನಲ್ಲಿ ಬಂದವರಿಗೆ ತಂಗಲು ಜಾಗವಿಲ್ಲದ್ದನ್ನು ಕಂಡು 1897ರಲ್ಲಿ ನಿಲ್ದಾಣದ ಹತ್ತಿರ ಜಮೀನು ಕೊಂಡರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಲ್ಲಿ ಛತ್ರ ಉದ್ಘಾಟನೆಯಾಯಿತು. ಕೊಠಡಿ ಬಾಡಿಗೆ ನೋಡಿ ಯಾತ್ರೆ ಬಿಡುವವರು ಆಗಲೂ ಇದ್ದರು ಎಂದಾಯಿತು. ಈಗಲೂ ಕ್ಷೇತ್ರಗಳಿಗೆ ಹೋಗುವವರು ಮೊದಲು ದೇವಸ್ಥಾನದ ವಸತಿಗೃಹ, ಮಠ, ಛತ್ರ ವಿಚಾರಿಸಿ, ಅಲ್ಲಿ ಜಾಗ ಇಲ್ಲ ಎಂದ ಮೇಲೆ ಲಾಡ್ಜಿಗೆ ಹೋಗಬೇಕು.

ಕೆಂಗೇರಿಯವರಿಗೆ ಮೈಸೂರು ಮಾರ್ಗದ ರೈಲು ಮನೆ ಮುಂದೆಯೇ ಇದ್ದಂತೆ, ಮೆಜೆಸ್ಟಿಕ್‌ಗೆ ಹೋಗುವ ಅಗತ್ಯವೇ ಇಲ್ಲ. ಮಂಡ್ಯದಲ್ಲಿ ಇಳಿದು ಬಸ್ಸು ಹಿಡಿದರೆ ಮೇಲುಕೋಟೆ. ಮೈಸೂರಿನಲ್ಲಿ ಇಳಿದರೆ ಸಿಟಿ ಬಸ್ ಸ್ಟ್ಯಾಂಡಿನಿಂದ 201ನೇ ನಂಬರ್ ಬಸ್ಸು ಚಾಮುಂಡಿ ಬೆಟ್ಟಕ್ಕೆ. ನಡೆಯುವ ಶಕ್ತಿ ಇದ್ದವರಿಗೆ ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯನ್ನು ದಾಟಿ ಹೋಗುವ ಮೆಟ್ಟಿಲು ದಾರಿಯೂ ಇದೆ. ಇವೆರಡೂ ರಾತ್ರಿ ತಂಗದೆಯೂ ಆಗುವಂಥವು.

ಮಲೆ ಮಹದೇಶ್ವರ ಬೆಟ್ಟ ಹಾಗಲ್ಲ. ಬೆಂಗಳೂರಿನಿಂದ ಸುಮಾರು 210 ಕಿ.ಮೀ., ಕೊಳ್ಳೇಗಾಲ, ಹನೂರು ದಾಟಿ ಕಾಡಿನ ತಿರುವುಗಳಲ್ಲಿ ಹೋಗಬೇಕು. ರಾತ್ರಿ ತಂಗಿ ಬೆಳಗಿನ ಪೂಜೆ ನೋಡಿಕೊಂಡು ಬರುವುದೇ ಸರಿ. ಸೀಟು ಮುಂಗಡ ಮಾಡಿಸುವವರಿಗೆ ಕೆಎಸ್ಆರ್‌ಟಿಸಿಯಲ್ಲಿ ಹೋಗುವ ಬರುವ ಟಿಕೆಟ್ಟನ್ನು ಒಟ್ಟಿಗೆ ತೆಗೆದರೆ ಬರುವ ಟಿಕೆಟ್ಟಿನಲ್ಲಿ ಶೇಕಡ 10, ನಾಲ್ಕು ಮತ್ತು ಹೆಚ್ಚು ಜನ ಒಂದೇ ಟಿಕೆಟ್ಟಿನಲ್ಲಿದ್ದರೆ ಶೇಕಡ 5 ಕಡಿಮೆಯಾಗುತ್ತದೆ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಾದಪ್ಪನ ಸನ್ನಿಧಿಯಲ್ಲಿ ಕೊಠಡಿ ಸಿಗುವುದು ಕಷ್ಟ, ಜನ ಅಂಗಳದಲ್ಲೇ ಮಲಗುತ್ತಾರೆ. ಒಂದು ಜಮಖಾನ, ಹೊದೆಯಲು ಕಂಬಳಿ ಇದ್ದರೆ ಅದೇ ವಸತಿ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮೊದಲ ಸಲಕ್ಕೆ ಅಮಾವಾಸ್ಯೆ ಬಿಟ್ಟು ಬೇರೆ ದಿನ ನೋಡಿಕೊಳ್ಳಬೇಕು. ಬೆಟ್ಟ ತಲುಪಿದ ಕೂಡಲೇ ದರ್ಶನದ ಸಾಲಿಗಿಂತ ಮೊದಲು ಬಸ್ ನಿಲ್ದಾಣದಲ್ಲಿ ಮರುದಿನದ ಬಸ್ಸುಗಳ ಸಮಯ ಕೇಳಿ ಬರೆದುಕೊಳ್ಳಬೇಕು. ಶಿವಗಂಗೆಯಲ್ಲೂ ಅಷ್ಟೇ, ಮೆಟ್ಟಿಲು ಹತ್ತುವ ಮುಂಚೆ ದಾಬಸ್‌ಪೇಟೆಗೆ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೆಳಗಿನ ಅಂಗಡಿಯಲ್ಲಿ ವಿಚಾರಿಸಿ, ಅದಕ್ಕೆ ಒಂದು ಗಂಟೆ ಮೊದಲೇ ಇಳಿದು ಬರತಕ್ಕದ್ದು.